ಸಂಬಂಧಿಕರೇ ಗುತ್ತಿಗೆದಾರರಾದಾಗ ಸರ್ಕಾರಿ ಎಂಜಿನಿಯರ್ ಏನು ಮಾಡಬೇಕು?

ಪ್ರಶ್ನೆ: ಕಿರಿಯ ಎಂಜಿನಿಯರ್, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಮಲೆನಾಡು ಭಾಗದ ಒಂದು ಉಪವಿಭಾಗದಲ್ಲಿ ನಾನು ಕಿರಿಯ ಎಂಜಿನಿಯರ್ ಆಗಿದ್ದೇನೆ. ನನ್ನ ಸೆಕ್ಷನ್‌ಗೆ ಸೇರಿದ ಹಳ್ಳಿಯೊಂದಕ್ಕೆ ಕಾಂಕ್ರೀಟ್ ರಸ್ತೆ ಮತ್ತು ಚರಂಡಿ ಮಾಡಿಸುವ ಕಾಮಗಾರಿಗೆ ಕೆಲವು ತಿಂಗಳ ಹಿಂದೆ ಅಂದಾಜು ಪಟ್ಟಿ ತಯಾರಿಸಿದವನು ನಾನೇ. ಈಗ ಟೆಂಡರ್ ತೆರೆದಾಗ ಅತಿ ಕಡಿಮೆ ದರ ನಮೂದಿಸಿರುವವರು ನನ್ನ ಪತ್ನಿಯ ತಮ್ಮ ಎಂದು ಗೊತ್ತಾಗಿದೆ. ಆತ ನೋಂದಾಯಿತ ಗುತ್ತಿಗೆದಾರ. ಹಲವು ವರ್ಷಗಳಿಂದ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೆಲಸ ಮಾಡಿಕೊಂಡು ಬಂದವನು. ನಮ್ಮ ಉಪವಿಭಾಗದ ಟೆಂಡರ್‌ಗೆ ಈವರೆಗೆ ಬಂದಿರಲಿಲ್ಲ, ಈ ಬಾರಿ ಬರುತ್ತಾನೆಂದು ನನಗೆ ತಿಳಿಸಿಯೂ ಇರಲಿಲ್ಲ.

ಟೆಂಡರ್ ಒಪ್ಪಿಕೊಂಡಿದ್ದೇವೆ ಎಂದು ಗುತ್ತಿಗೆದಾರನಿಗೆ ಕೊಡುವ ಸ್ವೀಕೃತಿ ಪತ್ರ ಇನ್ನೂ ಹೊರಟಿಲ್ಲ. ಕಚೇರಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಾರೆ. ಆತ ಬೇರೆ ಮನೆ, ಬೇರೆ ಸಂಪಾದನೆಯವನು, ನಿಮ್ಮ ಕುಟುಂಬದ ಸದಸ್ಯನಲ್ಲ, ಹಾಗಾಗಿ ನಿಯಮ ಅನ್ವಯಿಸುವುದೇ ಇಲ್ಲ ಎನ್ನುವವರಿದ್ದಾರೆ. ಆದ ಕೆಲಸವನ್ನು ಅಳೆದು ಬಿಲ್ಲಿಗಾಗಿ ದಾಖಲಿಸುವ ಅಳತೆ ಪುಸ್ತಕವನ್ನು ಮಾತ್ರ ಪಕ್ಕದ ಸೆಕ್ಷನ್‌ನವರ ಕೈಯಲ್ಲಿ ಬರೆಸಿಬಿಡಿ, ಅಷ್ಟು ಸಾಕು ಎನ್ನುವವರೂ ಇದ್ದಾರೆ. ಮಾವನವರ ಮನೆಯಲ್ಲಿ ಇನ್ನೊಂದು ನೋವಿದೆ: ನಿಮ್ಮ ನೌಕರಿಯ ಕಾರಣಕ್ಕೆ ನಮ್ಮ ಹುಡುಗ ನ್ಯಾಯವಾಗಿ ಬಂದ ಕೆಲಸವನ್ನು ಏಕೆ ಬಿಡಬೇಕು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಬಳಿ ಇಲ್ಲ.

ಈ ವಿಷಯವನ್ನು ಯಾರಿಗೆ, ಯಾವ ರೀತಿಯಲ್ಲಿ ತಿಳಿಸಬೇಕು? ಯಾವ ಯಾವ ಹಂತದಿಂದ ನಾನು ದೂರವಿರಬೇಕು? ನಾನು ಯಾರಿಗೂ ಅನುಕೂಲ ಮಾಡಿಕೊಡುವುದಿಲ್ಲ ಎಂಬ ದೃಢ ಮನಸ್ಸಿದ್ದರೆ ಅದು ಸಾಲದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಶಿರಸ್ತೇದಾರ್, ಚಿಕ್ಕಮಗಳೂರು

ತಾವು ಕೇಳಿರುವ ಸಮಯ ಸರಿಯಾಗಿದೆ, ಏಕೆಂದರೆ ಸ್ವೀಕೃತಿ ಪತ್ರ ಹೊರಡುವ ಮೊದಲು ಹೇಳುವ ಮಾತಿಗೂ ಮೊದಲ ಬಿಲ್ಲು ಪಾಸಾದ ಮೇಲೆ ಹೇಳುವ ಮಾತಿಗೂ ಬೆಲೆ ಒಂದೇ ಆಗಿರುವುದಿಲ್ಲ. ಕಂದಾಯ ಇಲಾಖೆಯ ಕಡತಗಳ ನಡುವೆ ಸೇವಾವಧಿ ಕಳೆದವನಾಗಿ ನಾನು ಮೊದಲು ಹೇಳುವುದು ಇಷ್ಟೇ: ಬಾಯಿಮಾತಿನಲ್ಲಿ ಯಾರಿಗೂ ಹೇಳಬೇಡಿ, ಅಥವಾ ಹೇಳಿದರೂ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಸಾಹೇಬರಿಗೆ ಆಗಲೇ ತಿಳಿಸಿದ್ದೆ ಎಂಬ ಸಮಜಾಯಿಷಿ, ಆ ಸಾಹೇಬರು ವರ್ಗವಾಗಿ ಹೋದ ಮರುದಿನದಿಂದ ಯಾವ ವಿಚಾರಣೆಯಲ್ಲೂ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆಯೇ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರಿಗೆ ಪತ್ರ ಬರೆದು, ಟೆಂಡರ್ ಅಂಗೀಕರಿಸುವ ಅಧಿಕಾರ ಕಾರ್ಯಪಾಲಕ ಎಂಜಿನಿಯರ್ ಅವರದ್ದಾಗಿದ್ದರೆ ಅವರಿಗೂ ಪ್ರತಿ ಕಳುಹಿಸಿ, ಎರಡೂ ಕಚೇರಿಗಳ ಟಪಾಲು ಶಾಖೆಯಲ್ಲಿ ಮೊಹರು ಮತ್ತು ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಪತ್ರ ದೀರ್ಘವಾಗಿರಬೇಕಿಲ್ಲ. ಕಾಮಗಾರಿಯ ಹೆಸರು ಮತ್ತು ಟೆಂಡರ್ ಸಂಖ್ಯೆಯನ್ನು ವಿಷಯದ ಸಾಲಿನಲ್ಲಿ ನಮೂದಿಸಿ, ಈ ರೀತಿ ಬರೆದರೆ ಸಾಕು:

"ಮೇಲ್ಕಂಡ ಕಾಮಗಾರಿಯ ಟೆಂಡರ್‌ನಲ್ಲಿ ಅತಿ ಕಡಿಮೆ ದರ ನಮೂದಿಸಿರುವ ಗುತ್ತಿಗೆದಾರರು ನನ್ನ ಪತ್ನಿಯ ಸಹೋದರರಾಗಿರುತ್ತಾರೆ. ಸದರಿ ಕಾಮಗಾರಿಯ ಅಂದಾಜು ಪಟ್ಟಿಯನ್ನು ನಾನೇ ತಯಾರಿಸಿದ್ದು, ಆ ಸಮಯದಲ್ಲಿ ಅವರು ಟೆಂಡರ್‌ನಲ್ಲಿ ಭಾಗವಹಿಸುವ ವಿಷಯ ನನಗೆ ತಿಳಿದಿರುವುದಿಲ್ಲ. ಆದ್ದರಿಂದ ಟೆಂಡರ್ ಪರಿಶೀಲನೆ, ಕಾಮಗಾರಿಯ ಮೇಲುಸ್ತುವಾರಿ, ಅಳತೆ ದಾಖಲಿಸುವುದು ಹಾಗೂ ಬಿಲ್ಲು ತಯಾರಿಕೆಯ ಹೊಣೆಯಿಂದ ನನ್ನನ್ನು ಬಿಡುಗಡೆ ಮಾಡಿ, ಸದರಿ ಕಾಮಗಾರಿಯನ್ನು ಬೇರೊಬ್ಬ ಎಂಜಿನಿಯರ್‌ಗೆ ವಹಿಸಿ ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ."

ಕೊನೆಯ ವಾಕ್ಯದ "ಲಿಖಿತ ಆದೇಶ" ಎಂಬ ಮಾತು ಬಹಳ ಮುಖ್ಯ. ಪತ್ರ ಓದಿದ ಮೇಲಧಿಕಾರಿಗಳು, ನಿಮ್ಮ ಮೇಲೆ ನಮಗೆ ನಂಬಿಕೆಯಿದೆ, ನೀವೇ ನೋಡಿಕೊಳ್ಳಿ ಎಂದು ಹೇಳುವುದುಂಟು. ಅದು ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತಾಗಿರಬಹುದು, ಆದರೆ ಅದನ್ನು ಒಪ್ಪಿಕೊಂಡ ಕ್ಷಣದಿಂದ ತಾವು ಬರೆದ ಪತ್ರವೇ ತಮ್ಮ ವಿರುದ್ಧದ ದಾಖಲೆಯಾಗುತ್ತದೆ: ಸಂಬಂಧ ಗೊತ್ತಿದ್ದೂ ಕೆಲಸ ಮುಂದುವರಿಸಿದರು ಎಂದು ಯಾರು ಬೇಕಾದರೂ ಹೇಳಬಹುದು. ಆದೇಶ ಬರುವವರೆಗೆ ಆ ಕಡತಕ್ಕೆ ಒಂದು ಸಾಲಿನ ಟಿಪ್ಪಣಿಯನ್ನೂ ಹಾಕದಿರುವುದು ಕ್ಷೇಮ.

ಇನ್ನು ಪಕ್ಕದ ಸೆಕ್ಷನ್‌ನವರ ಕೈಯಲ್ಲಿ ಅಳತೆ ಪುಸ್ತಕ ಬರೆಸುವ ಸಲಹೆಯ ಬಗ್ಗೆ ನನಗೆ ಸಂಪೂರ್ಣ ಭಿನ್ನಾಭಿಪ್ರಾಯವಿದೆ. ತಮ್ಮ ಪಕ್ಕದ ಮೇಜಿನಲ್ಲಿ ಕುಳಿತು, ತಮ್ಮೊಂದಿಗೆ ಊಟದ ಡಬ್ಬಿ ಬಿಚ್ಚುವ ಸಹೋದ್ಯೋಗಿಯು ತಮ್ಮ ಭಾವಮೈದ ಹಾಕಿಸಿದ ಕಾಂಕ್ರೀಟಿನ ದಪ್ಪ ಕಡಿಮೆಯಿದೆ ಎಂದು ಬರೆಯಲು ಹಿಂದೆಮುಂದೆ ನೋಡದೆ ಇರುತ್ತಾರೆಯೇ? ಬೇರೆ ಉಪವಿಭಾಗದವರಿಗೆ ವಹಿಸಲು ಕೋರುವುದೇ ಸರಿಯಾದ ಮಾರ್ಗ. ಬೇಲೂರು, ಆಲೂರಿನಿಂದ ಒಬ್ಬರು ಬಂದು ಹೋಗುವುದು ದೊಡ್ಡ ತೊಂದರೆಯೇನಲ್ಲ.

ಉತ್ತರ 2: ವಕೀಲ, ಹಾಸನ

ಶಿರಸ್ತೇದಾರರು ಹೇಳಿರುವ ಕ್ರಮ ಸರಿಯಾಗಿದೆ. ಆ ಕ್ರಮದ ಹಿಂದಿರುವ ಕಾನೂನು ಏನೆಂಬುದನ್ನು ನಾನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ "ಆತ ಕುಟುಂಬದ ಸದಸ್ಯನಲ್ಲ" ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಕೇಂದ್ರ ಸರ್ಕಾರದ 1964ರ ನಾಗರಿಕ ಸೇವಾ ನಡತೆ ನಿಯಮಗಳ 4ನೇ ನಿಯಮವು, ನೌಕರನಿಗಾಗಲಿ ಅವನ ಕುಟುಂಬದ ಸದಸ್ಯರಿಗಾಗಲಿ ಹಿತಾಸಕ್ತಿಯಿರುವ ವಿಷಯವನ್ನು ಅಥವಾ ಗುತ್ತಿಗೆಯನ್ನು ಆತ ನಿರ್ವಹಿಸಬಾರದು, ಅದನ್ನು ಮೇಲಧಿಕಾರಿಗೆ ಒಪ್ಪಿಸಬೇಕು ಎಂದು ಹೇಳುತ್ತದೆ. ನಮ್ಮ ರಾಜ್ಯದ ನಡತೆ ನಿಯಮಗಳು, ಅಂದರೆ ಮೊದಲಿದ್ದ 1966ರವು ಹಾಗೂ ಅವುಗಳ ಜಾಗಕ್ಕೆ ಬಂದ 2021ರವು, ಇದೇ ಹಾದಿಯಲ್ಲಿವೆ. ತೊಡಕಿರುವುದು "ಕುಟುಂಬದ ಸದಸ್ಯರು" ಎಂಬುದರ ವ್ಯಾಖ್ಯೆಯಲ್ಲಿ. ಕೇಂದ್ರದ ನಿಯಮದ ಪ್ರಕಾರ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಇವರಲ್ಲದೆ ರಕ್ತಸಂಬಂಧ ಅಥವಾ ವಿವಾಹ ಸಂಬಂಧವಿದ್ದು ನೌಕರನನ್ನೇ ಸಂಪೂರ್ಣವಾಗಿ ಅವಲಂಬಿಸಿರುವವರು ಮಾತ್ರ ಕುಟುಂಬದ ಸದಸ್ಯರು. ಸ್ವಂತ ದುಡಿಮೆಯಿರುವ ಭಾವಮೈದ ಈ ವ್ಯಾಖ್ಯೆಯ ಹೊರಗುಳಿಯುತ್ತಾನೆ. ನಿಮ್ಮ ಸಹೋದ್ಯೋಗಿಗಳು ಆಧರಿಸಿರುವುದು ಬಹುಶಃ ಇದನ್ನೇ.

ಆದರೆ ಗುತ್ತಿಗೆಗಳ ಲೋಕದಲ್ಲಿ ಬಂಧುತ್ವದ ಅಳತೆ ಇಷ್ಟು ಚಿಕ್ಕದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಟೆಂಡರ್ ಪ್ರಕಟಣೆಯ ನಮೂನೆಯನ್ನು ಓದಿ ನೋಡಿ. ಕಿರಿಯ ಎಂಜಿನಿಯರ್‌ನಿಂದ ಅಧೀಕ್ಷಕ ಎಂಜಿನಿಯರ್‌ವರೆಗಿನ ಯಾವ ಹುದ್ದೆಯಲ್ಲೇ ಆಗಲಿ, ವಿಭಾಗೀಯ ಲೆಕ್ಕಿಗರಾಗಿಯೇ ಆಗಲಿ ತನ್ನ ಹತ್ತಿರದ ಸಂಬಂಧಿ ಕೆಲಸ ಮಾಡುತ್ತಿರುವ ವೃತ್ತದಲ್ಲಿ (ಹಲವು ವಿಭಾಗಗಳು ಸೇರಿದ ಇಲಾಖಾ ಘಟಕದಲ್ಲಿ) ಗುತ್ತಿಗೆದಾರ ಟೆಂಡರ್ ಹಾಕುವಂತಿಲ್ಲ ಎಂಬ ಷರತ್ತು ಅದರಲ್ಲಿದೆ. ಹತ್ತಿರದ ಸಂಬಂಧಿಗಳು ಯಾರೆಂದೂ ಅಲ್ಲಿಯೇ ಹೇಳಲಾಗಿದೆ: ತಂದೆತಾಯಿ, ಅಜ್ಜಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಮಕ್ಕಳು, ಹಾಗೂ ಮದುವೆಯಿಂದ ಬಂದ ಇದೇ ವರಸೆಯ ಸಂಬಂಧಿಗಳು. ಭಾವಮೈದ ಇದರೊಳಗೆ ನೇರವಾಗಿ ಬರುತ್ತಾನೆ. ಹಾಗಾಗಿ ನೀವು ಮೊದಲು ತೆರೆದು ನೋಡಬೇಕಾದದ್ದು ನಡತೆ ನಿಯಮಗಳನ್ನಲ್ಲ, ನಿಮ್ಮದೇ ಕಾಮಗಾರಿಯ ಟೆಂಡರ್ ದಾಖಲೆಯನ್ನು. ಅದರಲ್ಲಿ ಇಂತಹ ಷರತ್ತಿದ್ದರೆ ಪ್ರಶ್ನೆ ನಿಮ್ಮ ಹಿಂದೆ ಸರಿಯುವಿಕೆಗೆ ಮುಗಿಯುವುದಿಲ್ಲ, ಬಿಡ್ಡೇ ನಿಲ್ಲುವುದಿಲ್ಲ. ಷರತ್ತಿಲ್ಲದಿದ್ದರೆ ಆತ ಟೆಂಡರ್ ಬಿಡಬೇಕಾದ ಕಾನೂನಿನ ಒತ್ತಾಯವಿಲ್ಲ. ಆದರೆ ನೀವು ಬಿಡುವುದು ಕಡ್ಡಾಯ. ನಿಮ್ಮ ಮಾವನವರ ಮನೆಯವರಿಗೆ ಇದನ್ನೇ ಹೇಳಬಹುದು.

ಈಗ ಮನಸ್ಸು ಶುದ್ಧವಾಗಿದ್ದರೆ ಸಾಲದೆ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಸುಪ್ರೀಂ ಕೋರ್ಟ್ 1969ರ ಏಪ್ರಿಲ್ 29ರಂದೇ ಉತ್ತರ ಕೊಟ್ಟಿದೆ. ಎ.ಕೆ. ಕ್ರೈಪಾಕ್ ಪ್ರಕರಣದಲ್ಲಿ ಆ ತೀರ್ಪನ್ನು ಬರೆದವರು ನಮ್ಮ ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು. ಭಾರತೀಯ ಅರಣ್ಯ ಸೇವೆ ಹೊಸದಾಗಿ ರಚನೆಯಾದಾಗ ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಅದಕ್ಕೆ ಆಯ್ಕೆ ಮಾಡಲು ಒಂದು ಮಂಡಳಿ ನೇಮಕವಾಯಿತು. ಆ ರಾಜ್ಯದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಮಂಡಳಿಯ ಸದಸ್ಯರೂ ಆಗಿದ್ದರು, ಅದೇ ಆಯ್ಕೆಯಲ್ಲಿ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗೆ ಎದ್ದುಹೋದರು. ಆದರೆ ತಮಗೆ ಪ್ರತಿಸ್ಪರ್ಧಿಗಳಾಗಿದ್ದವರ ಹೆಸರುಗಳು ಬಂದಾಗ ಒಳಗೇ ಇದ್ದರು, ಆಯ್ಕೆಯಾದವರನ್ನು ಶ್ರೇಣಿಯ ಪ್ರಕಾರ ಪಟ್ಟಿ ಮಾಡುವಾಗಲೂ ಭಾಗವಹಿಸಿದರು. ಪಟ್ಟಿ ಹೊರಬಂದಾಗ ಮೊದಲ ಹೆಸರು ಅವರದ್ದೇ. ಅವರು ವಾಸ್ತವವಾಗಿ ಪಕ್ಷಪಾತ ಮಾಡಿದರೆಂದು ಸಾಬೀತುಪಡಿಸುವ ಅಗತ್ಯವೇ ಇಲ್ಲ, ಪಕ್ಷಪಾತವಾಗುವ ಸಮಂಜಸ ಸಂಭವವಿತ್ತೇ ಎಂದಷ್ಟೇ ನೋಡಬೇಕು ಎಂದು ನ್ಯಾಯಾಲಯ ಹೇಳಿ ಆ ಆಯ್ಕೆಯನ್ನು ರದ್ದುಪಡಿಸಿತು. ಆಡಳಿತಾತ್ಮಕ ತೀರ್ಮಾನಕ್ಕೂ ಸಹಜ ನ್ಯಾಯದ ತತ್ವ ಅನ್ವಯಿಸುತ್ತದೆ ಎಂಬುದು ಇಂದು ನಮಗೆ ಸಾಮಾನ್ಯ ಮಾತಾಗಿದೆ. ಅದು ಅಷ್ಟು ಸ್ಪಷ್ಟವಾಗಿ ನೆಲೆಗೊಂಡಿದ್ದು ಈ ತೀರ್ಪಿನಿಂದ.

ಇದನ್ನು ನಿಮ್ಮ ಕಾಮಗಾರಿಗೆ ಹೊಂದಿಸಿ ನೋಡಿ. ಭಾವಮೈದನ ಬಿಡ್ ಪರಿಶೀಲಿಸುವಾಗ ನೀವು ಕೈ ಹಾಕಲಿಲ್ಲ, ಆದರೆ ಉಳಿದ ಬಿಡ್‌ದಾರರ ತಾಂತ್ರಿಕ ದಾಖಲೆಗಳನ್ನು ನೋಡಿ ಒಬ್ಬರ ಅನುಭವ ಪ್ರಮಾಣಪತ್ರ ಸಾಲದೆಂದೋ ಇನ್ನೊಬ್ಬರ ಯಂತ್ರೋಪಕರಣಗಳ ಪಟ್ಟಿ ಸರಿಯಿಲ್ಲವೆಂದೋ ಟಿಪ್ಪಣಿ ಹಾಕಿದಿರಿ ಎಂದುಕೊಳ್ಳೋಣ. ಆ ಟಿಪ್ಪಣಿ ನೂರಕ್ಕೆ ನೂರು ನಿಜವಾಗಿದ್ದರೂ ಇಡೀ ಟೆಂಡರ್ ಪ್ರಶ್ನೆಗೊಳಗಾಗುತ್ತದೆ. ಹಾಗಾಗಿ ಆ ಟೆಂಡರ್‌ಗೆ ಸಂಬಂಧಿಸಿದ ಯಾವ ಬಿಡ್‌ದಾರರ ವಿಷಯದಲ್ಲೂ ನಿಮ್ಮ ಅಭಿಪ್ರಾಯ ದಾಖಲಾಗಿರಬಾರದು. ಈಗಾಗಲೇ ದಾಖಲಾಗಿದ್ದರೆ ಅದನ್ನೂ ಪತ್ರದಲ್ಲಿ ತಿಳಿಸಿ, ಮರುಪರಿಶೀಲನೆಗೆ ಕೋರಿ.

ಶಿಕ್ಷೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹಿತಾಸಕ್ತಿ ಸಂಘರ್ಷವಿರುವುದು ತಾನಾಗಿಯೇ ಅಪರಾಧವಲ್ಲ. ವ್ಯಾಪಾರ ಮಾಡಬಾರದೆಂಬ ನಿರ್ಬಂಧವಿರುವ ಸರ್ಕಾರಿ ನೌಕರ ವ್ಯಾಪಾರ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 202ನೇ ಕಲಮಿನಡಿ ಒಂದು ವರ್ಷದವರೆಗೆ ಸಾದಾ ಸಜೆಯಾಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದು 168ನೇ ಕಲಮಾಗಿತ್ತು. ಆ ಗುತ್ತಿಗೆಯಲ್ಲಿ ನಿಮ್ಮದೇ ಹಣ ಅಥವಾ ಪಾಲು ಇದ್ದರೆ ಇದು ಮುನ್ನೆಲೆಗೆ ಬರುತ್ತದೆ. ನಿಮ್ಮ ಪತ್ನಿಯವರು ಆ ಸಂಸ್ಥೆಯಲ್ಲಿ ಪಾಲುದಾರರೋ, ತಮ್ಮನ ಬ್ಯಾಂಕ್ ಸಾಲಕ್ಕೆ ಜಾಮೀನುದಾರರೋ ಆಗಿದ್ದರೆ ದಯವಿಟ್ಟು ಅದನ್ನು ಪತ್ರದಲ್ಲಿ ಬರೆಯಲು ಮರೆಯಬೇಡಿ. ಆಗ ಭಾವಮೈದನ ಪ್ರಶ್ನೆ ಹಿಂದಕ್ಕೆ ಸರಿದು, ನಿಯಮದ ನೇರ ವ್ಯಾಖ್ಯೆಯೊಳಗಿನ ಕುಟುಂಬ ಸದಸ್ಯರ ಹಿತಾಸಕ್ತಿಯ ಪ್ರಶ್ನೆ ಮುಂದೆ ಬರುತ್ತದೆ.

ಉತ್ತರ 3: ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಪ್ರಶ್ನೆ ಕೇಳಿದ ಎಂಜಿನಿಯರರ ಬಗ್ಗೆ ನನಗೆ ಗೌರವ ಮೂಡಿದೆ. ಆದರೂ ಮೇಲಿನ ಎರಡು ಉತ್ತರಗಳನ್ನು ಓದಿದಾಗ ಒಂದು ಸಂಶಯ ಉಳಿಯಿತು. ನಮ್ಮ ಮಲೆನಾಡಿನಲ್ಲಿ ಎರಡು ಹೋಬಳಿ ದಾಟಿದರೂ ನೆಂಟಸ್ತಿಕೆ ಮುಗಿಯುವುದಿಲ್ಲ. ಗ್ರಾಮ ಆಡಳಿತಾಧಿಕಾರಿ, ಭೂಮಾಪಕ, ತೋಟಗಾರಿಕೆ ಇಲಾಖೆಯ ಸಹಾಯಕ ಎಲ್ಲರಿಗೂ ಇಲ್ಲಿ ತೋಟವಿದೆ, ಇಲ್ಲವೇ ತೋಟವಿರುವ ಅಣ್ಣತಮ್ಮಂದಿರಿದ್ದಾರೆ. ಸಂಬಂಧವಿದ್ದಲ್ಲೆಲ್ಲ ಹಿಂದೆ ಸರಿಯಬೇಕೆಂದರೆ ಕೆಲಸ ಮಾಡಲು ಯಾರು ಉಳಿಯುತ್ತಾರೆ?

ಈ ಪ್ರಶ್ನೆ ಕೇಳುತ್ತಿರುವ ನಾನೇ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ರಸ್ತೆ ಕಾಮಗಾರಿಗಾದರೂ ಟೆಂಡರ್ ದಾಖಲೆ, ಅಳತೆ ಪುಸ್ತಕ, ಮೇಲಧಿಕಾರಿಯ ತಾಳೆ ಅಳತೆ ಎಂಬ ಮೂರು ನಾಲ್ಕು ಗೋಡೆಗಳಿವೆ. ನಮ್ಮ ಕಡೆ ಆನೆ ನುಗ್ಗಿ ತೋಟ ಹಾಳಾದಾಗ ಅಥವಾ ಅತಿವೃಷ್ಟಿಯಿಂದ ಕಾಫಿ, ಕಾಳುಮೆಣಸು ಉದುರಿಹೋದಾಗ ನಡೆಯುವ ಸ್ಥಳ ಪರಿಶೀಲನೆಗೆ ಅಂತಹ ಗೋಡೆಗಳಿಲ್ಲ. ಹೆಚ್ಚುಕಡಿಮೆ ಒಬ್ಬ ನೌಕರ ಬರೆದ ಅಂಕಿಯೇ ಪರಿಹಾರದ ಮೊತ್ತವಾಗುತ್ತದೆ. ಒಂದು ವರ್ಷ ನಮ್ಮ ಬದಿಯ ತೋಟಗಳ ಪರಿಶೀಲನೆಗೆ ಬಂದವರು ತಮ್ಮ ಸೋದರಮಾವನ ತೋಟವನ್ನೂ ತಾವೇ ಪರಿಶೀಲಿಸಿದರು. ಅವರು ಹೆಚ್ಚು ಬರೆದರೆಂದು ನಾನು ಹೇಳಲಾರೆ. ಆದರೆ ಅಂದಿನಿಂದ ನಮ್ಮ ಊರಿನಲ್ಲಿ ಆ ಪಟ್ಟಿಯ ಮೇಲೆ ಯಾರಿಗೂ ವಿಶ್ವಾಸ ಉಳಿಯಲಿಲ್ಲ. ನ್ಯಾಯವಾಗಿ ಪರಿಹಾರ ಪಡೆದವರನ್ನೂ ಜನ ಅನುಮಾನದಿಂದ ನೋಡಿದರು. ಬಗರ್‌ಹುಕುಂ ಅರ್ಜಿಗಳದ್ದೂ ಇದೇ ಕಥೆ. ಶಾಸಕರ ಅಧ್ಯಕ್ಷತೆಯ ಸಮಿತಿ, ತಹಶೀಲ್ದಾರರು ಕಾರ್ಯದರ್ಶಿ ಎಂಬ ವ್ಯವಸ್ಥೆಯೇನೋ ಇದೆ. ಆದರೆ ನಮೂನೆ 50, 53, 57ರ ಅರ್ಜಿಗಳಿಗೆ ಸ್ಥಳದಲ್ಲಿ ಮಹಜರು ಬರೆಯುವವರು ಸ್ಥಳೀಯ ನೌಕರರೇ, ಸಮಿತಿಯ ಮುಂದೆ ಹೋಗುವುದು ಅವರು ಬರೆದ ಮಾತೇ.

ಚುನಾವಣಾ ಆಯೋಗವು ಚುನಾವಣೆಗೆ ನೇರ ಸಂಬಂಧವಿರುವ ಅಧಿಕಾರಿಗಳನ್ನು ಅವರ ಸ್ವಂತ ಜಿಲ್ಲೆಯಲ್ಲಿ ಇರಗೊಡುವುದಿಲ್ಲ. ಮತದ ವಿಷಯದಲ್ಲಿ ಸಾಧ್ಯವಿರುವ ಎಚ್ಚರಿಕೆ ಭೂಮಿ ಮತ್ತು ಪರಿಹಾರದ ವಿಷಯದಲ್ಲಿ ಏಕೆ ಸಾಧ್ಯವಾಗುವುದಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ. ವಕೀಲರು ದಯವಿಟ್ಟು ನನ್ನ ಮೊದಲ ಸಂಶಯಕ್ಕೆ ಉತ್ತರಿಸಬೇಕು.

ಉತ್ತರ 4: ವಕೀಲ, ಹಾಸನ

ಬೆಳೆಗಾರರ ಸಂಶಯ ನ್ಯಾಯಾಲಯಗಳ ಮುಂದೆಯೂ ಬಂದಿದೆ. 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಹರಿಯಾಣ ಲೋಕಸೇವಾ ಆಯೋಗದ ಕೆಲವು ಸದಸ್ಯರ ಸಂಬಂಧಿಕರೇ ಅಭ್ಯರ್ಥಿಗಳಾಗಿದ್ದರು. ಆಯೋಗವು ಸಂವಿಧಾನದತ್ತ ಸಂಸ್ಥೆ, ಸದಸ್ಯರ ಜಾಗಕ್ಕೆ ಬೇರೊಬ್ಬರನ್ನು ತಂದು ಕೂರಿಸಲಾಗದು. ಆದ್ದರಿಂದ ತಮ್ಮ ಸಂಬಂಧಿಯ ಸಂದರ್ಶನ ನಡೆಯುವಾಗ ಆ ಸದಸ್ಯರು ಹೊರಗಿದ್ದು, ಆತನ ಯೋಗ್ಯತೆಯ ಚರ್ಚೆಯಲ್ಲೂ ಭಾಗವಹಿಸದಿದ್ದರೆ ಸಾಕು, ಇಡೀ ಆಯ್ಕೆಯಿಂದ ಹಿಂದೆ ಸರಿಯಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬದಲಿ ವ್ಯಕ್ತಿ ಸಿಗದ ಕಡೆ ನಿಯಮವನ್ನು ಸಡಿಲಿಸಲಾಗಿದೆ. ಬದಲಿ ಸಿಗುವ ಕಡೆ ಆ ಸಡಿಲಿಕೆ ಕೇಳುವಂತಿಲ್ಲ. ಒಬ್ಬ ಕಿರಿಯ ಎಂಜಿನಿಯರ್‌ಗೆ ಬದಲಿ ಸಿಗುತ್ತಾರೆ. ತೋಟ ಪರಿಶೀಲಿಸುವ ನೌಕರನಿಗೂ ಸಿಗುತ್ತಾರೆ: ಬಣಕಲ್ ಹೋಬಳಿಯವರು ಗೋಣಿಬೀಡಿಗೆ, ಗೋಣಿಬೀಡಿನವರು ಬಣಕಲ್‌ಗೆ ಹೋದರಾಯಿತು. ಎಲ್ಲ ನೆಂಟಸ್ತಿಕೆಯೂ ಅಡ್ಡಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಒಂದೇ ಊರಿನವರು, ಒಂದೇ ಜಾತಿಯವರು ಎಂಬ ಕಾರಣ ಸಾಲದು. ತೀರ್ಮಾನದಿಂದ ಲಾಭ ಪಡೆಯುವವರು ಎಷ್ಟು ಹತ್ತಿರದವರು, ತೀರ್ಮಾನದಲ್ಲಿ ನೌಕರನ ಸ್ವಂತ ವಿವೇಚನೆಗೆ ಎಷ್ಟು ಅವಕಾಶವಿದೆ ಎಂಬುದನ್ನು ನೋಡಬೇಕು. ಪಹಣಿ ಪ್ರತಿ ಕೊಡುವುದಕ್ಕೆ ವಿವೇಚನೆ ಬೇಕಿಲ್ಲ, ಬೆಳೆ ಶೇಕಡಾ ಎಷ್ಟು ಹಾಳಾಗಿದೆ ಎಂದು ಬರೆಯುವುದಕ್ಕೆ ಬೇಕು.

ಉತ್ತರ 5: ಗ್ರಾಮ ಪಂಚಾಯಿತಿ ಮಾಜಿ ಅಧ್ಯಕ್ಷೆ, ಬೇಲೂರು ತಾಲ್ಲೂಕು

ನೌಕರರ ವಿಷಯ ಮಾತನಾಡುತ್ತಿದ್ದೀರಿ. ಚುನಾಯಿತರ ವಿಷಯವನ್ನೂ ಸೇರಿಸಬೇಕೆನಿಸಿತು. 1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣದಡಿ, ಪಂಚಾಯಿತಿಯ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಅಥವಾ ಹಿತಾಸಕ್ತಿ ಹೊಂದಿದವರು ಸದಸ್ಯರಾಗಿರಲು ಅನರ್ಹರು. ಇದು ಕಾಗದದ ಮೇಲೆ ಬಹಳ ಬಲವಾದ ಮಾತು. ನಡೆಯುವುದೇನೆಂದರೆ, ಸದಸ್ಯೆಯ ಹೆಸರಿನಲ್ಲಿ ಏನೂ ಇರುವುದಿಲ್ಲ, ಸಿಮೆಂಟು ಜಲ್ಲಿ ಪೂರೈಸುವ ಅಂಗಡಿ ಮೈದುನನ ಹೆಸರಿನಲ್ಲಿರುತ್ತದೆ. ದೂರು ಕೊಟ್ಟರೆ ಸಾಬೀತು ಮಾಡುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ.

ಆದ್ದರಿಂದ ಅನರ್ಹತೆಯನ್ನು ಮಾತ್ರ ನಂಬದೆ, ನನ್ನ ಅವಧಿಯಲ್ಲಿ ಒಂದು ಸಣ್ಣ ಪದ್ಧತಿಯನ್ನು ರೂಢಿಗೆ ತರಲು ಪ್ರಯತ್ನಿಸಿದೆ. ಸಾಮಾನ್ಯ ಸಭೆಯಲ್ಲಿ ಅಭಿವೃದ್ಧಿ ಅಧಿಕಾರಿಗಳು ವಿಷಯಸೂಚಿ ಓದಿ ಮುಗಿಸಿದ ಕೂಡಲೇ, ಯಾವುದಾದರೂ ವಿಷಯದಲ್ಲಿ ತಮಗೆ ಅಥವಾ ತಮ್ಮ ಮನೆಯವರಿಗೆ, ಹತ್ತಿರದ ನೆಂಟರಿಗೆ ಲಾಭವಿದ್ದರೆ ಹೇಳಿ ಎಂದು ಎಲ್ಲರನ್ನೂ ಕೇಳುತ್ತಿದ್ದೆವು. ಹೇಳಿದವರು ಆ ವಿಷಯ ಬಂದಾಗ ಸಭಾಂಗಣದ ಹೊರಗೆ ಹೋಗುವರು, ಮತ್ತೆ ಒಳಗೆ ಬಂದ ಸಮಯವೂ ನಡಾವಳಿ ಪುಸ್ತಕದಲ್ಲಿ ದಾಖಲಾಗುವುದು. ಆರಂಭದಲ್ಲಿ ಕೆಲವರಿಗೆ ಅವಮಾನವೆನಿಸಿತು. ಹಿರಿಯ ಸದಸ್ಯರೊಬ್ಬರು, ನನ್ನನ್ನು ಕಳ್ಳನೆಂದುಕೊಂಡಿರಾ ತಾಯಿ ಎಂದು ನೊಂದು ಕೇಳಿದರು. ಮನೆ ಹಂಚಿಕೆಯ ಪಟ್ಟಿ ಚರ್ಚೆಗೆ ಬಂದಾಗ, ನನ್ನ ನಾದಿನಿಯ ಅರ್ಜಿ ಇದರಲ್ಲಿದೆ ಎಂದು ಹೇಳಿ ಮೊದಲು ನಾನೇ ಎದ್ದು ಹೊರಗೆ ಬಂದು, ಉಪಾಧ್ಯಕ್ಷರಿಗೆ ಸಭೆಯನ್ನು ಒಪ್ಪಿಸಿದೆ. ಅಂದಿನಿಂದ ಯಾರೂ ಅದನ್ನು ಅವಮಾನವೆಂದು ಹೇಳಲಿಲ್ಲ. ಅಧ್ಯಕ್ಷರು ಮೊದಲು ಎದ್ದರೆ ಮಾತ್ರ ಉಳಿದವರು ಏಳುತ್ತಾರೆ ಎಂಬುದು ನಾನು ಕಂಡುಕೊಂಡದ್ದು.

ಇಂತಹ ದಾಖಲೆ ಪ್ರತಿ ತಾಲ್ಲೂಕು ಕಚೇರಿಯಲ್ಲೂ, ಪ್ರತಿ ಉಪವಿಭಾಗದಲ್ಲೂ ಒಂದು ವಹಿಯ ರೂಪದಲ್ಲಿರಬೇಕು, ಮತ್ತು ಅದನ್ನು ಸಾರ್ವಜನಿಕರು ನೋಡುವಂತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೌಕರರು ಪ್ರತಿವರ್ಷ ಆಸ್ತಿ ಮತ್ತು ಋಣ ಪಟ್ಟಿ ಸಲ್ಲಿಸುತ್ತಾರೆ, ನಿಜ. ಆದರೆ ಅದರಲ್ಲಿ ಭಾವಮೈದ ಗುತ್ತಿಗೆದಾರನೆಂಬ ಸಂಗತಿ ಇರುವುದಿಲ್ಲ, ಮೇಲಾಗಿ ಅದು ನಮ್ಮಂಥವರ ಕೈಗೆ ಸಿಗುವುದೂ ಕಷ್ಟ: ನೌಕರರ ಆಸ್ತಿ ವಿವರ ವೈಯಕ್ತಿಕ ಮಾಹಿತಿ, ಹೆಚ್ಚಿನ ಸಾರ್ವಜನಿಕ ಹಿತವನ್ನು ತೋರಿಸದ ಹೊರತು ಕೊಡಬೇಕಾಗಿಲ್ಲ ಎಂದು 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಆಸ್ತಿ ಪಟ್ಟಿಯನ್ನು ಕೇಳಿ ನಿರಾಶರಾಗುವ ಬದಲು, ಇಂತಹ ಕಾಮಗಾರಿಯ ಮೇಲುಸ್ತುವಾರಿಯನ್ನು ಯಾರಿಂದ ಯಾರಿಗೆ, ಯಾವ ಆದೇಶದಲ್ಲಿ ಬದಲಾಯಿಸಲಾಯಿತು, ಆ ಆದೇಶದ ಮತ್ತು ಅಳತೆ ಪುಸ್ತಕದ ಪುಟಗಳ ಪ್ರತಿ ಕೊಡಿ ಎಂದು ಕೇಳಬಹುದು. ಅದು ಕಚೇರಿಯ ದಾಖಲೆ, ಯಾರ ಮನೆಯ ವಿಷಯವೂ ಅಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು.

ಪ್ರಶ್ನೆ ಕೇಳಿದವರು: ಕಿರಿಯ ಎಂಜಿನಿಯರ್, ಹಾಸನ ಜಿಲ್ಲೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪತ್ರವನ್ನು ಎರಡೂ ಕಚೇರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇನೆ. ಟೆಂಡರ್ ದಾಖಲೆಯ ಷರತ್ತುಗಳನ್ನು ವಿಭಾಗ ಕಚೇರಿಯವರು ಪರಿಶೀಲಿಸುತ್ತಿದ್ದಾರೆ. ಪತ್ನಿಗೆ ತಮ್ಮನ ವ್ಯವಹಾರದಲ್ಲಿ ಪಾಲಾಗಲಿ, ಜಾಮೀನಾಗಲಿ ಇಲ್ಲವೆಂಬುದನ್ನು ಕೇಳಿ ಖಚಿತಪಡಿಸಿಕೊಂಡು ಪತ್ರದಲ್ಲಿ ಸೇರಿಸಿದೆ. ಶಿರಸ್ತೇದಾರರಲ್ಲಿ ಇನ್ನೊಂದು ವಿಷಯ ಕೇಳಬೇಕಿದೆ. ಅಂದಾಜು ಪಟ್ಟಿ ನನ್ನದೇ ಆಗಿರುವುದರಿಂದ ಅದರ ಗತಿಯೇನು? ಮತ್ತು ಕೆಲಸ ಬೇರೆಯವರಿಗೆ ವಹಿಸಿದ ಮೇಲೆ ಕೊನೆಯ ಬಿಲ್ಲಿನವರೆಗೆ ದೂರವಿದ್ದರೆ ಸಾಕೇ?

ಉತ್ತರ 6: ನಿವೃತ್ತ ಶಿರಸ್ತೇದಾರ್, ಚಿಕ್ಕಮಗಳೂರು

ಅಂದಾಜು ಪಟ್ಟಿಯನ್ನು ತಾವು ತಿದ್ದಲು ಹೋಗಬೇಡಿ. ಬೇರೆ ಉಪವಿಭಾಗದ ಅಧಿಕಾರಿಯೊಬ್ಬರು ಸ್ಥಳಕ್ಕೆ ಹೋಗಿ ರಸ್ತೆಯ ಉದ್ದ, ಅಗಲ, ಚರಂಡಿಯ ಆಳ ಇವುಗಳನ್ನು ಅಂದಾಜಿನೊಂದಿಗೆ ತಾಳೆ ನೋಡಿ ವರದಿ ಕೊಡಲಿ ಎಂದು ಕೋರಿಕೊಳ್ಳಿ. ದರಗಳು ಇಲಾಖೆಯ ದರಪಟ್ಟಿಯಿಂದಲೇ ಬಂದಿರುವುದರಿಂದ ಅಲ್ಲಿ ಪ್ರಶ್ನೆ ಏಳುವ ಸಂಭವ ಕಡಿಮೆ, ಏಳುವುದು ಪ್ರಮಾಣಗಳಲ್ಲಿ.

ಕೊನೆಯ ಬಿಲ್ಲಿಗೆ ವಿಷಯ ಮುಗಿಯುವುದಿಲ್ಲ. ಕೆಲಸದ ನಡುವೆ ಹೆಚ್ಚುವರಿ ಬಾಬ್ತುಗಳು ಬರುತ್ತವೆ, ಅವಧಿ ವಿಸ್ತರಣೆಯ ಅರ್ಜಿ ಬರುತ್ತದೆ, ದಂಡ ವಿಧಿಸಬೇಕೇ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಇವೆಲ್ಲವುಗಳಲ್ಲಿ ಸೆಕ್ಷನ್ ಅಧಿಕಾರಿಯ ಅಭಿಪ್ರಾಯ ಕೇಳುವುದು ರೂಢಿ, ಅಂತಹ ಕಾಗದ ಅಭ್ಯಾಸಬಲದಿಂದ ತಮ್ಮ ಮೇಜಿಗೇ ಬಂದುಬಿಡಬಹುದು. ಬಂದರೆ ಅಭಿಪ್ರಾಯ ಬರೆಯದೆ, ಮೇಲುಸ್ತುವಾರಿ ಬದಲಾದ ಆದೇಶದ ಸಂಖ್ಯೆಯನ್ನು ನಮೂದಿಸಿ ಅದೇ ದಿನ ಹಿಂದಿರುಗಿಸಿ. ಕೆಲಸ ಮುಗಿದ ಮೇಲೆ ದೋಷ ಹೊಣೆಗಾರಿಕೆಯ ಅವಧಿ ಇರುತ್ತದೆ. ಆ ಅವಧಿಯೊಳಗೆ ರಸ್ತೆ ಬಿರುಕು ಬಿಟ್ಟರೆ ಗುತ್ತಿಗೆದಾರರ ಖರ್ಚಿನಲ್ಲೇ ದುರಸ್ತಿಯಾಗಬೇಕು, ಅದಾಗಿದೆಯೆಂದು ಯಾರಾದರೂ ದೃಢೀಕರಿಸಿದ ಮೇಲೆಯೇ ಭದ್ರತಾ ಠೇವಣಿ ಬಿಡುಗಡೆಯಾಗುವುದು. ನಮ್ಮ ಕಡೆಯ ಮುಂಗಾರಿಗೆ ಮೊದಲ ವರ್ಷವೇ ರಸ್ತೆಯ ಅಂಚು ಕೊರೆದುಹೋಗುವುದು ಸಾಮಾನ್ಯವಾದ್ದರಿಂದ ಆ ದೃಢೀಕರಣ ಬರೀ ಔಪಚಾರಿಕ ಸಹಿಯಲ್ಲ. ಠೇವಣಿ ಬಿಡುಗಡೆಯಾಗುವ ದಿನದವರೆಗೆ ತಾವು ಆ ಕಡತದಿಂದ ಹೊರಗಿರಬೇಕು. ಅಷ್ಟರೊಳಗೆ ತಮಗೆ ವರ್ಗಾವಣೆಯಾದರೆ, ತಮ್ಮ ಜಾಗಕ್ಕೆ ಬರುವವರಿಗೆ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಆ ಕಾಮಗಾರಿಯ ಮುಂದೆ ಪತ್ರದ ಮತ್ತು ಆದೇಶದ ದಿನಾಂಕಗಳನ್ನು ಬರೆದು ಸಹಿ ಮಾಡಿ ಹೊರಡಿ.